ಮಿಷನ್ನು ಕೊಳ್ಳೋ ಮುಂಚೆ ಕಿವಿ ತೋರಿಸಿ ಸ್ವಾಮೀ!

ಮೈಸೂರು: ನಮ್ಮ ಬೀದಿಯಲ್ಲೊಬ್ಬರು ಮೇಷ್ಟ್ರಿದ್ದಾರೆ. 30 ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಕೊನೇ ಬೆಂಚಿನ ಹುಡುಗ ಪಿಸುಗುಟ್ಟಿದರೂ ‘ಏಯ್, ಯಾರೋ ಅದು?’ ಎಂದು ಸೀಮೆಸುಣ್ಣ ಎಸೆಯುತ್ತಿದ್ದ ಆಸಾಮಿ. ಈಗ ವಯಸ್ಸು 72. ಸಂಜೆ ಅರಳಿಕಟ್ಟೆ ಹರಟೆಗೆ ತಪ್ಪದೇ ಬರುತ್ತಿದ್ದವರು ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಬರೋದನ್ನೇ ನಿಲ್ಲಿಸಿಬಿಟ್ಟರು. ಕೇಳಿದರೆ ‘ಮಂಡಿನೋವು ಕಣಯ್ಯಾ’ ಎನ್ನುತ್ತಿದ್ದರು.

ಮಂಡಿಗೆ ಏನೂ ಆಗಿರಲಿಲ್ಲ. ಕಟ್ಟೆಯ ಮೇಲೆ ಎಲ್ಲರೂ ನಕ್ಕಾಗ ತಾವೂ ನಗಬೇಕು. ಯಾಕೆ ನಕ್ಕರು ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಅಷ್ಟೇ ವಿಷಯ.

ಗುಟ್ಟು ರಟ್ಟಾದದ್ದು ಬ್ಯಾಂಕಿನಲ್ಲಿ. ಕೌಂಟರಿನ ಗಾಜಿನ ಹಿಂದಿನಿಂದ ಹುಡುಗಿ ಏನೋ ಹೇಳಿದಳು. ಮೇಷ್ಟ್ರು ತಲೆಯಾಡಿಸಿ ಬಂದರು. ಅವಳು ಹೇಳಿದ್ದು ‘ಬದುಕಿರುವ ಬಗ್ಗೆ ಸರ್ಟಿಫಿಕೇಟ್ ಕೊಡಿ’ ಅಂತ. ಕೊಡಲಿಲ್ಲ, ಪಿಂಚಣಿ ನಿಂತಿತು. ಬದುಕಿರುವ ಮನುಷ್ಯ ಕಿವಿ ಕೇಳಿಸದ ತಪ್ಪಿಗೆ ಕಾಗದದಲ್ಲಿ ಸತ್ತಂತಾಯಿತು!

ಬೆಂಗಳೂರಿನ ಮಗ ಸುಮ್ಮನಿರುತ್ತಾನೆಯೇ? ಫೋನಿನಲ್ಲೇ ಬೆರಳೊತ್ತಿ 1,800 ರೂಪಾಯಿಗೆ ಒಂದು ಕಿವಿ ಮಿಷನ್ನು ತರಿಸಿಕೊಟ್ಟ. ಮೇಷ್ಟ್ರು ಅದನ್ನು ಸಿಕ್ಕಿಸಿಕೊಂಡು ನೆಂಟರ ಮದುವೆಗೆ ಹೋದರು. ಓಲಗ ಶುರುವಾದದ್ದೇ ತಡ, ಕಿವಿ ಹಿಡಿದುಕೊಂಡು ಛತ್ರದಿಂದ ಆಚೆ ಬಂದರು. ಅವತ್ತು ಡ್ರಾಯರು ಸೇರಿದ ಮಿಷನ್ನು ಮತ್ತೆ ಹೊರಗೆ ಬರಲಿಲ್ಲ.

ನಿಮ್ಮ ಮನೆಯ ಡ್ರಾಯರನ್ನೂ ಒಮ್ಮೆ ಎಳೆದು ನೋಡಿ. ಅಲ್ಲೂ ಒಂದು ಇರಬಹುದು!

ಡಬ್ಬಿಯೊಳಗೆ ಇರೋದೇನು?

ಔಷಧಿ ಅಂಗಡಿಯ ಗಾಜಿನ ಬೀರುವಿನಲ್ಲಿ, ಫೋನಿನ ಜಾಹೀರಾತಿನಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುವ ಇಂಥ ಮಾಲಿನಲ್ಲಿ ಹೆಚ್ಚಿನವು ಬರೀ ಸದ್ದು ಹಿಗ್ಗಿಸುವ ಯಂತ್ರಗಳು. ಒಂದು ಮೈಕು, ಒಂದು ಆಂಪ್ಲಿಫೈಯರು, ಒಂದು ಪುಟ್ಟ ಸ್ಪೀಕರು. ಗಣೇಶನ ಪೆಂಡಾಲಿನಲ್ಲಿರುವ ಸಾಮಾನೇ, ಗಾತ್ರ ಮಾತ್ರ ಚಿಕ್ಕದು ಅಂದುಕೊಳ್ಳಿ. ಹೆಂಡತಿಯ ಮಾತನ್ನೂ ಹಿಗ್ಗಿಸುತ್ತದೆ, ತಟ್ಟೆ-ಲೋಟದ ಸದ್ದನ್ನೂ ಹಿಗ್ಗಿಸುತ್ತದೆ, ಆಟೋ ಹಾರನ್ನನ್ನೂ ಹಿಗ್ಗಿಸುತ್ತದೆ. ಪಕ್ಷಪಾತವಿಲ್ಲ!

ಆದರೆ ಮುಪ್ಪಿನ ಕಿವುಡು ಪಕ್ಷಪಾತಿ. ಅದು ಎಲ್ಲ ಸದ್ದನ್ನೂ ಒಂದೇ ಸಮ ಕದಿಯುವುದಿಲ್ಲ. ಮೊದಲು ಒಯ್ಯುವುದು ಕೀಚು ಸ್ವರಗಳನ್ನು. ಕನ್ನಡದಲ್ಲೇ ನೋಡಿ: ಸಾಲು, ಕಾಲು, ಪಾಲು, ಹಾಲು. ನಾಲ್ಕರಲ್ಲೂ ‘ಆಲು’ ಒಂದೇ. ಅದು ದಪ್ಪ ಸ್ವರ, ಹೇಗೋ ಕೇಳಿಸುತ್ತದೆ. ಅರ್ಥ ಹೇಳುವುದು ಮುಂದಿನ ಸಣ್ಣ ವ್ಯಂಜನ, ಅದೇ ಹಾರಿಹೋಗುತ್ತದೆ. ಅದಕ್ಕೇ ವಯಸ್ಸಾದವರು ‘ನೀನು ಮಾತಾಡೋದು ಕೇಳ್ಸುತ್ತೆ, ಏನ್ ಹೇಳ್ತಿದ್ದೀಯ ಅಂತ ತಿಳಿಯೋಲ್ಲ’ ಎನ್ನುವುದು. ನಾವು ‘ತಮಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ ಮುದುಕನಿಗೆ’ ಅಂತ ಗೊಣಗುತ್ತೇವೆ. ಪಾಪ, ಅವರು ಹೇಳುತ್ತಿರುವುದು ಅಕ್ಷರಶಃ ನಿಜ.

ಇನ್ನೊಂದು ಸಂಕಟ: ಇಂಥ ಕಿವಿಗೆ ಸಣ್ಣ ಸದ್ದು ಕೇಳದು, ದೊಡ್ಡ ಸದ್ದು ತಡೆಯದು. ಎರಡರ ನಡುವಿನ ಜಾಗವೇ ಕಿರಿದಾಗಿರುತ್ತದೆ. ಒಳ್ಳೇ ಮಿಷನ್ನು ಆ ಕಿರಿದಾದ ಜಾಗದೊಳಗೇ ಎಲ್ಲ ಸದ್ದನ್ನೂ ಹೊಂದಿಸಬೇಕು: ಪಿಸುಮಾತನ್ನು ಮೇಲಕ್ಕೆತ್ತಬೇಕು, ಓಲಗವನ್ನು ಅದುಮಿಡಬೇಕು. ಮೇಷ್ಟ್ರು ಛತ್ರದಿಂದ ಓಡಿದ್ದು ಯಾಕೆ ಅಂತ ಈಗ ತಿಳಿಯಿತಲ್ಲ?

ಅಮೆರಿಕದ ಮಾತು ಬೇರೆ

‘ಅಮೆರಿಕದಲ್ಲೇ ಅಂಗಡೀಲಿ ಮಾರ್ತಾರಂತೆ, ಇಲ್ಲೇನು?’ ಎಂದು ಕೇಳುವವರಿದ್ದಾರೆ. ನಿಜ, ಮಾರುತ್ತಾರೆ. ಅಲ್ಲಿನ ಎಫ್‌ಡಿಎ 2022ರಲ್ಲಿ ನಿಯಮ ತಂದು, ಅಕ್ಟೋಬರ್ 17ರಿಂದ ಡಾಕ್ಟರ ಚೀಟಿಯಿಲ್ಲದೆ ಕಿವಿ ಮಿಷನ್ನು ಕೊಳ್ಳಲು ಬಿಟ್ಟಿತು. ಆದರೆ ನಿಯಮದ ಗೆರೆಗಳನ್ನೂ ಓದಬೇಕು. 18 ವರ್ಷ ತುಂಬಿದವರಿಗೆ ಮಾತ್ರ. ಅಲ್ಪ ಇಲ್ಲವೇ ಮಧ್ಯಮ ದರ್ಜೆಯ ಕಿವುಡಿಗೆ ಮಾತ್ರ. ಮಿಷನ್ನು ಹೊರಡಿಸುವ ಸದ್ದಿಗೆ ಮೇಲ್ಮಿತಿ ಇದೆ: ಸಾಮಾನ್ಯವಾಗಿ 111 ಡೆಸಿಬೆಲ್, ಸದ್ದನ್ನು ತಾನೇ ಅದುಮುವ ವ್ಯವಸ್ಥೆ ಇದ್ದರೆ 117. ಡಬ್ಬಿಯ ಮೇಲೆ ಎಚ್ಚರಿಕೆಯನ್ನೂ ಅಚ್ಚು ಹಾಕಬೇಕು. ಆ ನಿಯಮ ಆ ದೇಶದ್ದು. ನಮ್ಮ ಮೇಷ್ಟ್ರ ಡ್ರಾಯರಿನ ಮಾಲಿಗೂ ಅದಕ್ಕೂ ಸಂಬಂಧವಿಲ್ಲ.

ನ್ಯಾಯ ಹೇಳಬೇಕೆಂದರೆ, ಅಂಗಡಿ ಮಿಷನ್ನೆಲ್ಲ ಮೋಸ ಅಂತಲೂ ಅಲ್ಲ. 2017ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದವರು ಒಂದೇ ಜಾತಿಯ ಮಿಷನ್ನನ್ನು ಕೆಲವರಿಗೆ ತಜ್ಞರಿಂದ ಹೊಂದಿಸಿಕೊಟ್ಟು, ಕೆಲವರಿಗೆ ‘ನೀವೇ ಆರಿಸಿಕೊಳ್ಳಿ’ ಎಂದು ಬಿಟ್ಟು ನೋಡಿದರು. ಇಬ್ಬರಿಗೂ ಉಪಯೋಗವಾಯಿತು. ಆದರೆ ‘ಮಿಷನ್ನು ನನ್ನ ಹತ್ತಿರವೇ ಇರಲಿ’ ಎಂದವರು ತಜ್ಞರ ಕಡೆಯವರಲ್ಲೇ ಹೆಚ್ಚು. 2023ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ಹೊಸ ಬಗೆಯ ಮಿಷನ್ನನ್ನು ಪರೀಕ್ಷಿಸಿದರು. ಆರು ವಾರದ ಕೊನೆಗೆ ತಾವೇ ಹೊಂದಿಸಿಕೊಂಡವರೂ ತಜ್ಞರ ಕೈಲಿ ಹೊಂದಿಸಿಕೊಂಡವರೂ ಹೆಚ್ಚುಕಮ್ಮಿ ಸರಿಸಮ ನಿಂತರು.

ಹಾಗಾದರೆ ತಜ್ಞರೇ ಬೇಡವೇ? ಸ್ವಲ್ಪ ತಡೆಯಿರಿ. ಆ ಹೊಸ ಮಿಷನ್ನು ಮೊದಲು ಫೋನಿನ ಮೂಲಕ ಕಿವಿಯನ್ನು ಪರೀಕ್ಷಿಸಿ, ಆಮೇಲೆ ಸದ್ದು ಹೊಂದಿಸುವಂಥದ್ದು. ಅಳತೆ ಬಿಟ್ಟು ಗೆದ್ದದ್ದಲ್ಲ. ಅಳತೆಯ ಕೆಲಸವನ್ನು ಫೋನಿಗೆ ವಹಿಸಿ ಗೆದ್ದದ್ದು. ಅಳತೆ ತೆಗೆಯದೆ ಹೊಲಿದ ಅಂಗಿ ಎಲ್ಲಿಯೂ ಗೆದ್ದಿಲ್ಲ. ಫೋನಿಗೆ ಇನ್ನೊಂದು ಕೆಲಸವೂ ಬರುವುದಿಲ್ಲ: ಕಿವಿಯೊಳಗೆ ದೀಪ ಬಿಟ್ಟು ನೋಡುವುದು.

ಹಿತ್ತಲ ಗಿಡ

ಇಲ್ಲೇ ನಮ್ಮ ಊರಿನವರ ಮೇಲೆ ನನಗೆ ಸಿಟ್ಟು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ನಮಗೇ ಹೇಳಿ ಮಾಡಿಸಿದ್ದು. ಕಿವಿ-ಮಾತಿನ ತೊಂದರೆಗೆಂದೇ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನ ‘ಆಯಿಷ್’ ಎನ್ನುವುದು, ಮಾನಸಗಂಗೋತ್ರಿಯಲ್ಲಿ ಇದೆ. ದೂರದ ರಾಜ್ಯಗಳವರು ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ನಾವು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗು ಮಾಡುತ್ತಾ ಫೋನಿನಲ್ಲಿ ಮಿಷನ್ನು ಆರ್ಡರು ಮಾಡುತ್ತೇವೆ!

ಕೊನೆಗೆ ಮೇಷ್ಟ್ರನ್ನು ಹಿಡಿದೆಳೆದುಕೊಂಡು ಹೋದೆವು. ಕಿವಿ ನೋಡಿದ ಡಾಕ್ಟರು ಮೊದಲು ಮಾಡಿದ್ದು ಎಡಗಿವಿಯ ಗುಗ್ಗೆ ತೆಗೆದದ್ದು. ಗೋಲಿಯಂತೆ ಗಟ್ಟಿಯಾಗಿ ಕೂತಿತ್ತು. 1,800 ರೂಪಾಯಿನ ಮಿಷನ್ನು ಇಷ್ಟು ದಿನ ಗೋಡೆಗೆ ಮಾತಾಡುತ್ತಿತ್ತು!

ಆಮೇಲೆ ಸದ್ದು ತೂರದ ಕೋಣೆಯಲ್ಲಿ ಕೂರಿಸಿದರು. ‘ಟುಂಯ್’ ಅಂತ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. 250 ಹರ್ಟ್ಜ್‌ನ ದಪ್ಪ ಸ್ವರದಿಂದ 8,000 ಹರ್ಟ್ಜ್‌ನ ಕೀಚು ಸ್ವರದವರೆಗೆ, ಎರಡು ಕಿವಿಗೂ ಬೇರೆ ಬೇರೆ. ಕಾಗದದ ಮೇಲೆ ಬಂದ ಗೆರೆ ಚಾಮುಂಡಿ ಬೆಟ್ಟದ ಇಳಿಜಾರಿನ ಹಾಗಿತ್ತು. ಆ ಇಳಿಜಾರಿಗೆ ತಕ್ಕಂತೆ ಕಂಪ್ಯೂಟರಿನಲ್ಲಿ ಮಿಷನ್ನನ್ನು ಹೊಂದಿಸಿ, ಕಿವಿಯೊಳಗೆ ಕೂದಲೆಳೆಯಂಥ ನಳಿಕೆ ಬಿಟ್ಟು, ಸದ್ದು ಪರದೆಯವರೆಗೆ ನಿಜವಾಗಿ ಎಷ್ಟು ಮುಟ್ಟುತ್ತಿದೆ ಅಂತ ಅಳೆದರು. ಕಿವಿಯ ಅಚ್ಚು ತೆಗೆದು ಅದಕ್ಕೆ ಒಪ್ಪುವ ಬಿರಡೆ ಮಾಡಿಕೊಟ್ಟರು. ಅದು ಸಡಿಲವಾಗಿದ್ದರೆ ಮಿಷನ್ನು ಕುಂಯ್ ಅಂತ ಸಿಳ್ಳೆ ಹಾಕುತ್ತದೆ.

ಅಳೆಯುವವರೆಲ್ಲ ಹರಿಶ್ಚಂದ್ರರಲ್ಲ

ತಜ್ಞರು ಎಂದ ಕೂಡಲೇ ಕಣ್ಣು ಮುಚ್ಚಿ ಜೇಬು ಬಿಚ್ಚಬೇಡಿ. ಮೇಷ್ಟ್ರ ಜೊತೆ ಮೊದಲು ನಾನೇ ಒಂದು ಖಾಸಗಿ ಅಂಗಡಿಗೆ ಹೋಗಿದ್ದೆ. ತಣ್ಣನೆ ಕೋಣೆ, ಟೈ ಕಟ್ಟಿದ ಹುಡುಗ. ಕಿವಿ ನೋಡುವ ಮುಂಚೆಯೇ ‘ಸಾರ್, ಬಜೆಟ್ ಎಷ್ಟು?’ ಎಂದ. ಲಕ್ಷಕ್ಕೂ ಮೇಲಿನ ಜೋಡಿಯನ್ನು ಮುಂದಿಟ್ಟು, ಇವತ್ತೇ ಕೊಂಡರೆ ಇಷ್ಟು ಕಡಿತ ಎಂದ. ಕಿವಿ ಮಿಷನ್ನೇನು ಯುಗಾದಿ ಸೀರೆಯೇ, ರಿಯಾಯಿತಿ ಮುಗಿಯುತ್ತೆ ಅಂತ ಓಡಿಹೋಗಿ ಕೊಳ್ಳೋಕೆ?

ಆದ್ದರಿಂದ ಕೆಲವು ಪ್ರಶ್ನೆ ಕೇಳಿ. ಹೊಂದಿಸುವವರು ಆಡಿಯಾಲಜಿಸ್ಟೇ? ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಗಿದೆಯೇ? ಪರೀಕ್ಷೆಯ ನಕಲು ಕೈಗೆ ಕೊಡುತ್ತಾರೆಯೇ? ಕಡಿಮೆ ಬೆಲೆಯದ್ದನ್ನೂ ಹಾಕಿ ತೋರಿಸುತ್ತಾರೆಯೇ? ಕೊಂಡ ಮೇಲೆ ಎಷ್ಟು ಸಲ ಬಂದರೆ ಪುಕ್ಕಟೆ ಸರಿಮಾಡಿಕೊಡುತ್ತಾರೆ? ಇದಕ್ಕೆ ಮುಖ ಗಂಟು ಹಾಕಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ದುಡ್ಡಿನ ಮಾತು

ಆಯಿಷ್‌ನಲ್ಲೇ ಕಡಿಮೆ ದರಕ್ಕೆ ಮಿಷನ್ನು ಕೊಡಿಸುವ ಯೋಜನೆ ಇದೆ. ಕೇಂದ್ರದ ‘ಅಡಿಪ್’ ಯೋಜನೆಯಲ್ಲಿ ಬಡವರಿಗೆ ಪುಕ್ಕಟೆ. ಆದರೆ ಶೇಕಡಾ 40ರಷ್ಟಾದರೂ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು, ಆದಾಯದ ಮಿತಿ ಬೇರೆ. ಅರವತ್ತು ದಾಟಿದ ಬಡವರಿಗೆ 2017ರಲ್ಲಿ ಬಂದ ‘ವಯೋಶ್ರೀ’ ಯೋಜನೆ ಇದೆ. ಕಷ್ಟವಿರುವುದು ನಡುವಿನವರಿಗೆ: ಪುಕ್ಕಟೆಗೆ ಹೆಚ್ಚು, ಲಕ್ಷಕ್ಕೆ ಕಡಿಮೆ ಆದವರಿಗೆ. ಫೋನಿನ ಜಾಹೀರಾತು ಹಿಡಿಯುವುದೂ ಅವರನ್ನೇ. ಅವರಿಗೆ ನನ್ನ ಮಾತು ಇಷ್ಟೇ: ಮಿಷನ್ನಿಗೆ ದುಡ್ಡು ಇಲ್ಲದಿದ್ದರೂ ಪರೀಕ್ಷೆ ಮಾಡಿಸಿ. ಗುಗ್ಗೆ ತೆಗೆಸಿದರೆ ಸರಿಹೋಗುವ ಕಿವಿಯೋ, ಔಷಧಿ ಬೇಕಾದ ಕಿವಿಯೋ, ಮಿಷನ್ನೇ ಬೇಕಾದ ಕಿವಿಯೋ ತಿಳಿಯಲಿ. ಅಲ್ಪ ಕಿವುಡು, ಎರಡೂ ಕಡೆ ಸಮ ಎಂದು ಕಾಗದದಲ್ಲಿ ಬಂದರೆ, ತಾನೇ ಅಳೆದು ಹೊಂದಿಸಿಕೊಳ್ಳುವ ಹೊಸ ಮಿಷನ್ನನ್ನು ಆಮೇಲೆ ಬೇಕಾದರೆ ನೋಡಿ. ಮಕ್ಕಳ ವಿಷಯದಲ್ಲಿ ಮಾತ್ರ ಅದೂ ಬೇಡ. ಮಗುವಿಗೆ ಕೇಳಿಸದಿದ್ದರೆ ಮಾತೇ ಬಾರದು.

ಇನ್ನು ಕೆಲವು ಲಕ್ಷಣ ಕಂಡರೆ ಮಿಷನ್ನಿನ ಯೋಚನೆಯನ್ನೇ ಬಿಟ್ಟು ಡಾಕ್ಟರ ಹತ್ತಿರ ಓಡಿ. ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಒಂದು ಕಿವಿ ಮುಚ್ಚಿಹೋದರೆ ಅದು ತುರ್ತು. ಒಂದೊಂದು ದಿನವೂ ಲೆಕ್ಕ. ಕಿವಿ ಸೋರುವುದು, ನೋವು, ತಲೆ ಸುತ್ತುವುದು, ಒಂದೇ ಕಿವಿಯಲ್ಲಿ ಕಿವುಡು ಅಥವಾ ಗುಂಯ್‌ಗುಟ್ಟುವುದು, ಇವೂ ಅಷ್ಟೇ.

ಮಂಡಿನೋವು ಹೋಯ್ತು

ಮಿಷನ್ನು ಹಾಕಿದ ಮೊದಲ ವಾರ ಮೇಷ್ಟ್ರು ಎಲ್ಲರ ಮೇಲೂ ರೇಗಿದರು. ‘ಪೇಪರು ಮಡಚಿದರೆ ತಗಡು ಮಡಚಿದ ಹಾಗೆ, ಚಪ್ಪಲಿ ಸದ್ದು ಕುದುರೆ ಗೊರಸಿನ ಹಾಗೆ!’ ಎರಡು ವರ್ಷ ಸದ್ದು ಕಾಣದ ಮಿದುಳು ಮತ್ತೆ ಪಾಠ ಕಲಿಯಬೇಕಲ್ಲ. ಬಹಳ ಜನ ಇಲ್ಲೇ ಸೋತು ಡ್ರಾಯರಿಗೆ ಹಾಕುವುದು. ಮೇಷ್ಟ್ರು ಮೂರು ಸಲ ಹೋಗಿ ಸರಿಮಾಡಿಸಿಕೊಂಡರು. ಮೊದಲು ಮನೆಯೊಳಗೆ, ಆಮೇಲೆ ಬೀದಿಯಲ್ಲಿ, ಕೊನೆಗೆ ಮಾರ್ಕೆಟ್ಟಿನಲ್ಲಿ ಅಂತ ದಿನಕ್ಕಿಷ್ಟು ಹೊತ್ತು ಹಾಕಿ ರೂಢಿ ಮಾಡಿಕೊಂಡರು. ಗದ್ದಲದಲ್ಲಿ ಈಗಲೂ ಪೂರ್ತಿ ಕೇಳಿಸೋಲ್ಲ. ಎಂಥ ಮಿಷನ್ನೂ ಇಪ್ಪತ್ತರ ಕಿವಿಯನ್ನು ವಾಪಸು ತರೋಲ್ಲ. ಹಾಗೆ ಹೇಳಿ ಮಾರುವವನನ್ನು ನಂಬಬೇಡಿ.

ಹೋದ ಸೋಮವಾರ ಕಟ್ಟೆಗೆ ಬಂದರು. ಯಾರೋ ಚಿನ್ನದ ಬಡ್ಡಿ ಲೆಕ್ಕ ಹೇಳುತ್ತಿದ್ದರು. ‘ತಪ್ಪು, ಮತ್ತೆ ಹಾಕು’ ಎಂದಿತು ಹಿಂದಿನಿಂದ ಒಂದು ದನಿ. ತಿರುಗಿ ನೋಡಿದರೆ ಮೇಷ್ಟ್ರು.

‘ಮಂಡಿನೋವು ಹೇಗಿದೆ ಸಾರ್?’ ಅಂದೆ, ಮೆಲ್ಲಗೆ.

‘ವಾಸಿಯಾಯ್ತು ಕಣಯ್ಯಾ’ ಎಂದು ನಕ್ಕರು.