ಸರಕು ವಾಹನದ ಇಂಧನ ಪಂಪು: ದೋಷ ಪಂಪಿನಲ್ಲೋ, ತಂತಿಯಲ್ಲೋ?

ಕನಕಪುರ, ಹಾರೋಹಳ್ಳಿ ಕಡೆಯ ಬೆಳೆಗಾರರು ಸೊಪ್ಪು, ತರಕಾರಿಗಳನ್ನು ಸಣ್ಣ ಸರಕು ವಾಹನಗಳಲ್ಲಿ ಹೇರಿಕೊಂಡು ಬೆಳಗಿನ ಜಾವಕ್ಕೆ ಜೆ.ಪಿ. ನಗರದ ಸಾರಕ್ಕಿ ಮಾರುಕಟ್ಟೆಗೆ ತರುವುದುಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕನಕಪುರ ಅದಕ್ಕಿಂತ 200 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಹೀಗಾಗಿ ಹೇರು ತುಂಬಿದ ಗಾಡಿ ಏರು ಹತ್ತಬೇಕು, ಖಾಲಿ ಗಾಡಿ ಇಳಿಯಬೇಕು. ಮನೆಗೆ ಮರಳುವಾಗ ಸುಳಿವೇ ಕೊಡದ ದೋಷ ಬರುವಾಗ ಕಾಣಿಸಿಕೊಳ್ಳುವುದು ಇದರಿಂದಲೇ. ಎಂಜಿನ್ ಮುಗ್ಗರಿಸುತ್ತದೆ, ಆಕ್ಸಿಲರೇಟರ್ ಒತ್ತಿದರೂ ಎಳೆಯುವುದಿಲ್ಲ, ಕಡೆಗೆ ನಿಂತೇ ಬಿಡುತ್ತದೆ. ಬಿಸಿಲೇರುವ ಹೊತ್ತಿಗೆ ಕೊತ್ತಂಬರಿ ಕಟ್ಟಿಗೆ ಏನು ಬೆಲೆ ಸಿಗುತ್ತದೆಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಇಂತಹ ಗಾಡಿಯನ್ನು ಗ್ಯಾರೇಜಿಗೆ ಎಳೆದೊಯ್ದಾಗ ಅನೇಕ ವೇಳೆ ‘ಪಂಪು ಹೋಗಿದೆ’ ಎಂಬ ಮಾತೇ ಮೊದಲು ಬರುತ್ತದೆ. ಹೊಸ ಪಂಪು ಹಾಕಿದ ಕೆಲವೇ ದಿನಗಳಲ್ಲಿ ಅದೇ ಕಾಯಿಲೆ ಮರುಕಳಿಸಿದರೆ, ಮೊದಲ ಪಂಪು ಸರಿಯಾಗಿಯೇ ಇದ್ದಿರಬಹುದು. ಪಂಪನ್ನು ಬಿಚ್ಚುವ ಮೊದಲು ಅದಕ್ಕೆ ಎಷ್ಟು ವೋಲ್ಟೇಜ್ ತಲುಪುತ್ತಿದೆ ಎಂದು ಅಳೆಯಬೇಕು. ಇದಕ್ಕೆ ಒಂದು ಮಲ್ಟಿಮೀಟರ್ ಮತ್ತು ಅರ್ಧ ಗಂಟೆ ಸಾಕು.

ಇಂಜೆಕ್ಷನ್ ಪದ್ಧತಿಯ ಪೆಟ್ರೋಲ್ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡದಲ್ಲಿ ಅದು ಪೆಟ್ರೋಲನ್ನು ಎಂಜಿನ್ನಿಗೆ ನೂಕುತ್ತದೆ. ಆಯಾ ಗಾಡಿಯ ನಿಖರ ಅಂಕಿಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬಹುಪಾಲು ಗಾಡಿಗಳಲ್ಲಿ ಎಂಜಿನ್ ನಿಧಾನವಾಗಿ ಓಡುತ್ತಿದ್ದರೂ ಏರು ಹತ್ತುತ್ತಿದ್ದರೂ ಈ ಪಂಪು ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ. ನಿಂತಲ್ಲಿ ಓಡುವ ಎಂಜಿನ್ನಿಗೆ ಸ್ವಲ್ಪ ಪೆಟ್ರೋಲ್ ಸಾಕು, ಮಿಕ್ಕದ್ದು ಟ್ಯಾಂಕಿಗೆ ಮರಳುತ್ತದೆ. ಆದ್ದರಿಂದ ಪಂಪು ಬಳಲಿದ್ದರೂ ಆಗ ಕೊರತೆ ತೋರುವುದಿಲ್ಲ. ಏರಿನಲ್ಲಿ ಬೇಡಿಕೆ ಹೆಚ್ಚಿದಾಗ ಮಾತ್ರ ಒತ್ತಡ ಬೀಳುತ್ತದೆ. ಇದರಿಂದ ಒಂದು ಅನುಕೂಲವೂ ಇದೆ. ತಂತಿಯ ದೋಷವನ್ನು ಹುಡುಕಲು ಏರಿಗೆ ಹೋಗಬೇಕಾಗಿಲ್ಲ, ಮನೆಯಂಗಳದಲ್ಲೇ ಅಳೆಯಬಹುದು.

ಪಂಪು ಸುಮಾರು 5 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ ಎನ್ನೋಣ. ದಾರಿಯಲ್ಲಿ ಎಲ್ಲೋ ಒಂದು ಜೋಡಣೆಯಲ್ಲಿ ಕಿಲುಬು ಹಿಡಿದು 0.4 ಓಮ್ ತಡೆ ಉಂಟಾಗಿದ್ದರೆ 2 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಬ್ಯಾಟರಿಯಲ್ಲಿ 13.8 ಇದ್ದರೂ ಪಂಪಿಗೆ 11.8 ಮಾತ್ರ. ಪಂಪು ತಿರುಗುತ್ತದೆ, ಸದ್ದೂ ಕೇಳಿಸುತ್ತದೆ, ಆದರೆ ಸಾಕಷ್ಟು ನೂಕುವುದಿಲ್ಲ. ಸದ್ದು ಕೇಳಿದ ಮಾತ್ರಕ್ಕೆ ಎಲ್ಲವೂ ಸರಿಯೆಂದು ಭಾವಿಸಬಾರದು.

ಅಳೆಯುವ ಬಗೆ

ಪ್ಲಗ್ ಬಿಚ್ಚಿ ಅಳೆಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ವಿದ್ಯುತ್ ಹರಿಯದಿದ್ದಾಗ ಒಂದೇ ಎಳೆ ಉಳಿದಿರುವ ತಂತಿಯೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಪ್ಲಗ್ ಸಿಕ್ಕಿಸಿಯೇ ಇದ್ದು ಎಂಜಿನ್ ಓಡುತ್ತಿರುವಾಗ, ಹಿಂಬದಿಯಿಂದ ತೆಳು ಸೂಜಿ ತೂರಿಸಿ ಅಳೆಯಬೇಕು. ಮೊದಲು ಬ್ಯಾಟರಿಯ ಧನ ತುದಿಯಿಂದ ಪಂಪಿನ ಧನ ತಂತಿಗೆ, ನಂತರ ಪಂಪಿನ ಋಣ ತಂತಿಯಿಂದ ಬ್ಯಾಟರಿಯ ಋಣ ತುದಿಗೆ. ಮೊದಲನೆಯದು ಅರ್ಧ ವೋಲ್ಟ್, ಎರಡನೆಯದು 0.2 ವೋಲ್ಟ್ ಮೀರಿದರೆ ಆ ದಾರಿಯಲ್ಲಿ ದೋಷವಿದೆ. ಋಣ ತಂತಿಯನ್ನು ಅಳೆಯುವುದನ್ನು ಎಷ್ಟೋ ಮಂದಿ ಬಿಟ್ಟೇ ಬಿಡುತ್ತಾರೆ. ದೋಷ ಅಡಗಿರುವುದು ಅನೇಕ ಸಲ ಅಲ್ಲಿಯೇ.

ಎಂಜಿನ್ ಓಡದಿದ್ದರೆ ಕೀಲಿ ತಿರುಗಿಸಿದಾಗ ಪಂಪು ಒಂದೆರಡು ಸೆಕೆಂಡು ಮಾತ್ರ ತಿರುಗಿ ನಿಲ್ಲುತ್ತದೆ. ಆಗ ಪಂಪಿನ ಪ್ಲಗ್ ಬಿಚ್ಚಿ, ಅದರ ಬದಲಿಗೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಉದ್ದ ತಂತಿಗಳಿಂದ ಜೋಡಿಸಿ, ಇನ್ನೊಬ್ಬರಿಂದ ಕೀಲಿ ತಿರುಗಿಸಬೇಕು. ಈ ಬಲ್ಬೂ ಪಂಪಿನಷ್ಟೇ ವಿದ್ಯುತ್ ಎಳೆಯುತ್ತದೆ. ಪ್ರಖರವಾಗಿ ಬೆಳಗಿದರೆ ತಂತಿ ಸರಿಯಿದೆ, ಕೆಂಪಗೆ ಮಂಕಾಗಿದ್ದರೆ ಸರಿಯಿಲ್ಲ. ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಹಾರಬಾರದಾದ್ದರಿಂದ ಬಲ್ಬನ್ನು ಟ್ಯಾಂಕಿನಿಂದ ದೂರವಿಟ್ಟು, ಗಾಳಿಯಾಡುವ ಜಾಗದಲ್ಲಿ ಈ ಪರೀಕ್ಷೆ ಮಾಡಬೇಕು. ಕೆಲವು ಹೊಸ ಗಾಡಿಗಳಲ್ಲಿ ಪಂಪಿನ ವೇಗವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ನಿಯಂತ್ರಿಸುತ್ತದೆ. ಅಂತಹವುಗಳಿಗೆ ಈ ಪರೀಕ್ಷೆಗಳು ಸಲ್ಲವು.

ರೈತರ ಗಾಡಿಯಲ್ಲಿ ತಂತಿ ಕೆಡಲು ವಿಶೇಷ ಕಾರಣಗಳಿವೆ. ಒಂದು ದಿನ ತರಕಾರಿ ಹೊತ್ತ ಗಾಡಿಯೇ ಮರುದಿನ ಕೊಟ್ಟಿಗೆ ಗೊಬ್ಬರವನ್ನೋ ಯೂರಿಯಾ ಮೂಟೆಯನ್ನೋ ಹೊರುತ್ತದೆ. ಗೊಬ್ಬರದ ಅಮೋನಿಯಾ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ರಸಗೊಬ್ಬರದ ಲವಣ ತೇವದೊಡನೆ ಸೇರಿ ಛಾಸಿಯ ಬೋಲ್ಟಿಗೆ ತುಕ್ಕು ಹಿಡಿಸುತ್ತದೆ. ನಿಲ್ಲಿಸಿದ ಗಾಡಿಯ ತಂತಿಗಳನ್ನು ಇಲಿಗಳು ಕಡಿಯುತ್ತವೆ. ಇನ್ನು ಹೆಚ್ಚುವರಿ ದೀಪಕ್ಕೋ ಹಾಡಿನ ಪೆಟ್ಟಿಗೆಗೋ ಪಂಪಿನ ತಂತಿಯಿಂದಲೇ ಕವಲು ತೆಗೆದು, ಹೆಣೆದು, ಟೇಪು ಸುತ್ತಿರುವುದೂ ಉಂಟು. ಇಂತಹ ಕವಲನ್ನು ಕಂಡ ಕೂಡಲೇ ತೆಗೆಸಬೇಕು.

ಕಿಲುಬು ಹಿಡಿದ ತಂತಿಯನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಹೊಸ ಟರ್ಮಿನಲ್ ಒತ್ತಿ, ಕುಗ್ಗುವ ಕೊಳವೆ ಹಾಕಬೇಕು. ಛಾಸಿಯ ಬೋಲ್ಟಿನ ಕೆಳಗಿನ ಬಣ್ಣ, ತುಕ್ಕುಗಳನ್ನು ಕೆರೆದು ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಬಹುದು. ರಿಲೇಯ ಕಾಲುಗಳಲ್ಲಿ 30 ಮತ್ತು 87 ಎಂದು ಗುರುತಿರುವ ಎರಡು ಸುಟ್ಟಿವೆಯೇ ಎಂಬುದನ್ನೂ ನೋಡಬೇಕು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದನ್ನು ಹಾಕಕೂಡದು. ಆಗ ಸುಡುವುದು ತಂತಿ, ಅದೂ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ.

ವೋಲ್ಟೇಜ್ ಸರಿಯಾಗಿದ್ದು ಒತ್ತಡಮಾಪಕದಲ್ಲಿ ಒತ್ತಡ ಕಡಿಮೆ ತೋರಿದರೆ ಮಾತ್ರ ಫಿಲ್ಟರ್, ಟ್ಯಾಂಕಿನ ಜಾಲರಿ, ಒತ್ತಡ ನಿಯಂತ್ರಕ, ಕೊನೆಗೆ ಪಂಪು ಎಂಬ ಕ್ರಮದಲ್ಲಿ ನೋಡಬೇಕು. ಮಾಪಕ ಜೋಡಿಸುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕೊಳವೆಯ ಒತ್ತಡವನ್ನು ಇಳಿಸಬೇಕು. ಹತ್ತಿರದಲ್ಲಿ ಬೀಡಿ ಸೇದಬಾರದು.

ಡೀಸೆಲ್ ಗಾಡಿಗಳ ವಿಷಯವೇ ಬೇರೆ. ಹಲವಕ್ಕೆ ಟ್ಯಾಂಕಿನಲ್ಲಿ ವಿದ್ಯುತ್ ಪಂಪೇ ಇರುವುದಿಲ್ಲ. ಅಲ್ಲಿ ಫಿಲ್ಟರಿನಲ್ಲಿ ಸೇರಿದ ನೀರನ್ನೂ, ಹೀರು ಕೊಳವೆಯೊಳಗೆ ಗಾಳಿ ನುಗ್ಗುವ ಸಡಿಲ ಜೋಡಣೆಯನ್ನೂ ಹುಡುಕಬೇಕು. ಕಾಮನ್ ರೈಲ್ ಎಂಜಿನ್ನಿನ ಅಧಿಕ ಒತ್ತಡದ ಕೊಳವೆಗಳಲ್ಲಿ 1,000 ಬಾರ್ ಮೀರಿದ ಒತ್ತಡವಿರಬಹುದು. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಆದುದರಿಂದ ಎಂಜಿನ್ ಓಡುತ್ತಿರುವಾಗ ಆ ನಟ್ಟುಗಳನ್ನು ಸಡಿಲಿಸಬಾರದು, ಸೋರಿಕೆಯನ್ನು ಬೆರಳಿಟ್ಟು ಹುಡುಕಲೂಬಾರದು.