ನಿವೃತ್ತಿಯ ನಂತರ ಪೂರಕ ಆರೋಗ್ಯವಿಮೆ: ಅರಿತು ಆರಿಸೋಣ

ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಬಾರದಂತೆ ಕಾಯುವುದಕ್ಕೆ ಆಯುರ್ವೇದವು ಮೊದಲ ಸ್ಥಾನವನ್ನು ನೀಡಿದೆ. ಆದರೂ ದಿನಚರ್ಯೆ, ಋತುಚರ್ಯೆಗಳನ್ನು ತಪ್ಪದೆ ಪಾಲಿಸಿದವರಿಗೂ ವಾರ್ಧಕ್ಯದಲ್ಲಿ ಹೃದ್ರೋಗವೋ ತೊಡೆಯೆಲುಬಿನ ಮುರಿತವೋ ಒದಗಬಹುದು. ಜೀವಮಾನವಿಡೀ ಕಾಯಕ ಮಾಡಿದ ಕೈಗಳು ಆಗ ಆಸ್ಪತ್ರೆಯ ಬಿಲ್ಲಿಗಾಗಿ ಇನ್ನೊಬ್ಬರ ಮುಂದೆ ಚಾಚಬಾರದು. ರಾಯಾಪುರ, ಸತ್ತೂರ, ನವನಗರದ ಕಡೆಯಿಂದ ನಮ್ಮಲ್ಲಿಗೆ ಬರುವ ನಿವೃತ್ತರು ಔಷಧದ ಜೊತೆಗೆ ವಿಮೆಯ ವಿಷಯವನ್ನೂ ಕೇಳುತ್ತಿರುವುದರಿಂದ ಈ ಬಾರಿ ಅದನ್ನೇ ವಿವರಿಸುತ್ತೇವೆ.

ಮೊದಲು, ನಮ್ಮ ಕೈಯಲ್ಲಿ ಈಗಾಗಲೇ ಏನಿದೆ ಎಂಬುದನ್ನು ಅರಿಯಬೇಕು. ರೈಲ್ವೆಯಿಂದ ನಿವೃತ್ತರಾದವರಿಗೆ ಇಲಾಖೆಯದೇ ಆರೋಗ್ಯ ಯೋಜನೆಯುಂಟು. ರಾಜ್ಯ ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಸೌಲಭ್ಯವು ಸೇವೆಯಲ್ಲಿರುವವರಿಗಾಗಿಯೇ ರೂಪುಗೊಂಡದ್ದು. ಸಹಕಾರ ಸಂಘಗಳ ಸದಸ್ಯರಾದ ರೈತರಿಗೆ ಯಶಸ್ವಿನಿ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. 70 ವರ್ಷ ತುಂಬಿದವರಿಗೆ, ಆದಾಯವೆಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ ಸರ್ಕಾರವು 2024ರ ಅಕ್ಟೋಬರಿನಲ್ಲಿ ಆರಂಭಿಸಿತು. ಇಂಥ ಯೋಜನೆಗಳು ನಮಗೆ ಬೇಕಾದ ಆಸ್ಪತ್ರೆಯಲ್ಲಿ ದೊರೆಯುತ್ತವೆಯೇ ಎಂಬುದನ್ನು ಆ ಆಸ್ಪತ್ರೆಯಲ್ಲಿಯೇ ವಿಚಾರಿಸಿದ ಮೇಲೆ ನಂಬುವುದು ಲೇಸು.

ಇರುವುದು ಸಾಲದೆಂದಾದರೆ ಪೂರಕ ವಿಮೆಯ ಮಾತು. ಇದರಲ್ಲಿ ಟಾಪ್‌ಅಪ್, ಸೂಪರ್ ಟಾಪ್‌ಅಪ್ ಎಂದು ಎರಡು ಬಗೆ. ಎರಡೂ ನಿಗದಿತ ಮೊತ್ತದವರೆಗೆ ಏನನ್ನೂ ಕೊಡುವುದಿಲ್ಲ. ಅದನ್ನು ಮೀರಿದ ಖರ್ಚನ್ನು ಮಾತ್ರ ಭರಿಸುತ್ತವೆ. ಆದ್ದರಿಂದಲೇ ಕಂತು ಕಡಿಮೆ. ಈ ಮಿತಿಯನ್ನು 3 ಲಕ್ಷವೆಂದಿಟ್ಟುಕೊಳ್ಳೋಣ. ಒಂದೇ ವರ್ಷದಲ್ಲಿ ಎರಡು ಬೇರೆ ಕಾಯಿಲೆಗಳಿಗಾಗಿ ಎರಡು ಸಲ ಆಸ್ಪತ್ರೆ ಸೇರಿ, ಪ್ರತಿಸಲವೂ ಎರಡೂವರೆ ಲಕ್ಷ ಖರ್ಚಾಯಿತು. ಟಾಪ್‌ಅಪ್ ಪ್ರತಿ ದಾಖಲಾತಿಯನ್ನು ಬೇರೆಯಾಗಿ ಎಣಿಸುವುದರಿಂದ ಒಂದು ರೂಪಾಯಿಯೂ ಬಾರದು. ಸೂಪರ್ ಟಾಪ್‌ಅಪ್ ವರ್ಷದ ಒಟ್ಟು 5 ಲಕ್ಷವನ್ನು ಎಣಿಸಿ, ಮಿತಿ ಮೀರಿದ 2 ಲಕ್ಷವನ್ನು ಕೊಡುತ್ತದೆ. ಪದೇ ಪದೇ ಆಸ್ಪತ್ರೆ ಸೇರಬೇಕಾಗಬಹುದಾದ ವೃದ್ಧರಿಗೆ ಎರಡನೆಯದೇ ಹಿತ. ಮಿತಿಯ ಮೊತ್ತವನ್ನು ಮೂಲ ಪಾಲಿಸಿಯಿಂದಾಗಲಿ ಬ್ಯಾಂಕಿನ ಠೇವಣಿಯಿಂದಾಗಲಿ ತುಂಬುವ ದಾರಿ ನಮ್ಮಲ್ಲಿರಬೇಕು, ಅಷ್ಟೆ.

ಮೂಲ ಪಾಲಿಸಿಯೇ ಇಲ್ಲದವರು ಎದೆಗುಂದಬೇಕಿಲ್ಲ. 2024ರ ಏಪ್ರಿಲ್ 1ರಿಂದ ಹೊಸ ಪಾಲಿಸಿಗೆ ಇದ್ದ 65 ವರ್ಷದ ವಯೋಮಿತಿಯ ನಿಯಮವನ್ನು ವಿಮಾ ನಿಯಂತ್ರಣ ಪ್ರಾಧಿಕಾರವು ತೆಗೆದಿದೆ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿಯು 3 ವರ್ಷವನ್ನು ಮೀರುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯವಿಮೆಯ ಕಂತಿನ ಮೇಲಿನ ಶೇಕಡಾ 18ರ ಜಿಎಸ್‌ಟಿಯೂ ಇಲ್ಲವಾಗಿದೆ.

ಕಂತಿನ ಅಗ್ಗವನ್ನಷ್ಟೇ ನೋಡಿ ಸಹಿ ಹಾಕಬಾರದು. ಕೊಠಡಿ ಬಾಡಿಗೆಗೆ ಮಿತಿಯಿದ್ದು, ನಾವು ಅದಕ್ಕಿಂತ ದುಬಾರಿ ಕೊಠಡಿ ಹಿಡಿದರೆ, ವೈದ್ಯರ ಶುಲ್ಕವೇ ಮೊದಲಾದ ವೆಚ್ಚಗಳನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುವ ಪಾಲಿಸಿಗಳುಂಟು. ಬಿಲ್ಲಿನಲ್ಲಿ ರೋಗಿಯೂ ಪಾಲು ಕೊಡಬೇಕೆಂಬ ಷರತ್ತು, ಕಣ್ಣಿನ ಪೊರೆ, ಮಂಡಿ ಬದಲಾವಣೆಗಳಿಗೆ ಹಾಕಿದ ಮಿತಿ, ಇವನ್ನೂ ಓದಬೇಕು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು.

ವೈದ್ಯರಾಗಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ‘ನಾನು ಇಂಗ್ಲಿಷ್ ಔಷಧ ತೆಗೆದುಕೊಳ್ಳುವುದಿಲ್ಲ, ಚೂರ್ಣ, ಕಷಾಯವಷ್ಟೇ’ ಎಂದು ಅರ್ಜಿಯಲ್ಲಿ ಮಧುಮೇಹವನ್ನೋ ರಕ್ತದೊತ್ತಡವನ್ನೋ ಬರೆಯದೆ ಬಿಡುವವರಿದ್ದಾರೆ. ಕಷಾಯದಿಂದ ಹತೋಟಿಯಲ್ಲಿದ್ದರೂ ಮಧುಮೇಹವು ಮಧುಮೇಹವೇ. ಮರೆಮಾಚಿದ್ದು ಆಸ್ಪತ್ರೆಯ ದಾಖಲೆಯಲ್ಲಿ ಬಯಲಾದಾಗ ಪರಿಹಾರವನ್ನು ನಿರಾಕರಿಸಲು ಕಂಪನಿಗೆ ಕಾರಣ ಸಿಗುತ್ತದೆ. ಸತ್ಯವನ್ನು ಬರೆದರೆ ಕಂತು ತುಸು ಏರೀತು. ಬರೆಯದಿದ್ದರೆ ಕಟ್ಟಿದ ಕಂತೆಲ್ಲ ವ್ಯರ್ಥವಾದೀತು. ಏಜೆಂಟರು ತುಂಬಿದ ಅರ್ಜಿಯನ್ನು ಓದಿಯೇ ಸಹಿ ಮಾಡಬೇಕು.

ಆಯುರ್ವೇದ ಚಿಕಿತ್ಸೆಗೂ ಈಗ ವಿಮೆಯಲ್ಲಿ ಸ್ಥಾನವಿದೆ. ಆದರೆ ಅದು ಸಾಮಾನ್ಯವಾಗಿ ಮಾನ್ಯತೆಯುಳ್ಳ ಆಯುಷ್ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದವರಿಗೆ. ದೇಹದ ದಣಿವಾರಿಸಲು ಮಾಡಿಸುವ ಅಭ್ಯಂಗ, ಸ್ವೇದನಗಳಿಗೆ ಹಣ ಬರುತ್ತದೆಂದು ಭಾವಿಸಬಾರದು.

ಪಾಲಿಸಿ ಪತ್ರ, ಕಾರ್ಡು, ಆಸ್ಪತ್ರೆಗಳ ಪಟ್ಟಿ ಎಲ್ಲಿವೆಯೆಂಬುದು ಮಗನಿಗೋ ಸೊಸೆಗೋ ತಿಳಿದಿರಲಿ. ತುರ್ತಿನಲ್ಲಿ ಅವನ್ನು ಹುಡುಕುವವರು ಅವರೇ. ನ್ಯಾಯವಾದ ಪರಿಹಾರವನ್ನು ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಅಲ್ಲಿಯೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಿಮೆ ಕೊಂಡೆವೆಂದು ಪಥ್ಯವನ್ನು ಬಿಡುವುದು ಬೇಡ. ಪಥ್ಯವಿದೆಯೆಂದು ವಿಮೆಯನ್ನು ಕಡೆಗಣಿಸುವುದೂ ಬೇಡ.