ಬಿಸಿಲ ನಾಡಿನಲ್ಲಿ ಬಿಸಿನೀರ ಬುಗ್ಗೆ ಏಕಿಲ್ಲ?

ಡಿಸೆಂಬರಿನ ನಸುಕಿನಲ್ಲಿ ಶಹಾಪುರ, ಸುರಪುರದ ಹೊಲಗಳಲ್ಲಿ ಬೋರ್ ಚಾಲೂ ಮಾಡಿದರೆ ನೀರಿನಿಂದ ಹಬೆ ಏಳುತ್ತದೆ. ಕೈಯೊಡ್ಡಿದರೆ ಬೆಚ್ಚಗಿರುತ್ತದೆ. ‘ನಮ್ಮ ನೆಲದಾಗೂ ಬಿಸಿನೀರಿನ ಬುಗ್ಗಿ ಅದ’ ಎಂದು ನಂಬುವವರಿದ್ದಾರೆ. ಅದೇ ನೀರು ಮೇ ತಿಂಗಳಲ್ಲಿ ತಣ್ಣಗೆನಿಸುತ್ತದೆ. ನೀರು ಬದಲಾಗಿರುವುದಿಲ್ಲ. ಹತ್ತಿಪ್ಪತ್ತು ಮೀಟರ್ ಕೆಳಗೆ ಬಿಸಿಲೂ ಇಳಿಯದು, ಚಳಿಯೂ ಇಳಿಯದು. ಅಲ್ಲಿನ ನೀರು ವರ್ಷವಿಡೀ ಊರಿನ ಸರಾಸರಿ ಉಷ್ಣಾಂಶದ ಆಸುಪಾಸಿನಲ್ಲೇ ಇರುತ್ತದೆ. ಬದಲಾಗುವುದು ಹೊರಗಿನ ಗಾಳಿ. ನಂಬಿಕೆಯಾಗದಿದ್ದರೆ ಎರಡೂ ಕಾಲದಲ್ಲಿ ಥರ್ಮಾಮೀಟರ್ ಅದ್ದಿ ನೋಡಿ.

ಇನ್ನೊಂದು ನಂಬಿಕೆ: ಊರು ಕಾದಷ್ಟೂ ಬುಗ್ಗೆ ಕಾಯುತ್ತದೆ ಎಂಬುದು. ಹಾಗಿದ್ದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿಯಲ್ಲಿ ಬುಗ್ಗೆಗಳು ತುಂಬಿರಬೇಕಿತ್ತು. ಅವು ಇರುವುದು ಚಳಿಗೆ ನದಿಯೇ ಹೆಪ್ಪುಗಟ್ಟುವ ಲಡಾಖಿನ ಶೀತ ಮರುಭೂಮಿಯಲ್ಲಿ: ಪನಾಮಿಕ್, ಚುಮಾಥಾಂಗ್, ಪುಗಾ. ಬುಗ್ಗೆಯ ಬಿಸಿ ಸೂರ್ಯನದಲ್ಲ, ಭೂಮಿಯ ಒಡಲಿನದು. ಭಾರತದ ಭೂಫಲಕ ಏಷ್ಯಾಕ್ಕೆ ಒತ್ತಿ ಹಿಮಾಲಯ ಎದ್ದ ಆ ಸೀಮೆಯಲ್ಲಿ ನೆಲ ಇನ್ನೂ ಬಿಸಿಯಾಗಿದೆ, ಬಂಡೆಗಳು ಸೀಳಿವೆ. ಹಿಮ ಕರಗಿದ ನೀರು ಸೀಳಿನಲ್ಲಿ ಇಳಿದು, ಕಾದು, ಮೇಲೆ ಬರುತ್ತದೆ. ಅದಕ್ಕೆ ಜ್ವಾಲಾಮುಖಿಯೇ ಬೇಕೆಂದಿಲ್ಲ. ಪುಗಾದಲ್ಲಿ ಕೆಲವು ನೂರು ಮೀಟರ್ ಕೊರೆದಾಗಲೇ 100 ಡಿಗ್ರಿ ಮೀರಿದ ಬಿಸಿ ಸಿಕ್ಕಿದೆ. ಅಲ್ಲಿನ ಶಾಖದಿಂದ ವಿದ್ಯುತ್ ಪಡೆಯಲು 2021ರಲ್ಲಿ ಓಎನ್‌ಜಿಸಿ ಒಪ್ಪಂದ ಮಾಡಿಕೊಂಡಿತು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 3 ಕಿ.ಮೀ. ಇಳಿದರೂ ಬಂಡೆಯ ಬಿಸಿ 60 ಡಿಗ್ರಿಗಿಂತ ತುಸು ಹೆಚ್ಚಷ್ಟೇ. ಯಾದಗಿರಿ ಕೋಟೆ ನಿಂತಿರುವ ಗುಡ್ಡ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಅದರ ಕಾವು ಎಂದೋ ಆರಿದೆ.

ಕುದಿಯುವ ನೀರೆಂದರೆ 100 ಡಿಗ್ರಿ ಎಂಬುದೂ ಎಲ್ಲ ಕಡೆ ನಿಜವಲ್ಲ. ಸುಮಾರು 4,400 ಮೀಟರ್ ಎತ್ತರದ ಪುಗಾದಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 85 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಹಾಗೆಂದು ಕೈ ಹಾಕಬೇಡಿ. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಬೇಯಿಸುತ್ತದೆ.

ನನಗೆ ಹೆಚ್ಚು ಕಳವಳ ತರುವುದು, ನೆಲದಿಂದ ಉಕ್ಕಿದ ಖನಿಜದ ನೀರೆಲ್ಲ ಔಷಧ ಎಂಬ ನಂಬಿಕೆ. ಬೆಚ್ಚನೆಯ ನೀರು ಕೀಲುನೋವಿಗೆ ಹಿತ ಕೊಡುತ್ತದೆ, ನಿಜ. ಕುಡಿದರೆ ರೋಗ ಹೋಗುತ್ತದೆ ಎಂಬುದು ಬೇರೆ ಮಾತು. ಕಲ್ಲಿನಿಂದ ನೀರಿಗೆ ಇಳಿಯುವ ಖನಿಜಗಳಲ್ಲಿ ಫ್ಲೋರೈಡ್, ಆರ್ಸೆನಿಕ್ ಕೂಡ ಇರಬಹುದು. ನಮ್ಮ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಇದನ್ನು ಮೈಮೇಲೆ ಅನುಭವಿಸಿದ್ದಾರೆ. ಅವರು ಕುಡಿದ ಅಂತರ್ಜಲದಲ್ಲಿ ಆರ್ಸೆನಿಕ್ ಇತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಚರ್ಮ ಗಂಟುಗಟ್ಟಿದ ಮೇಲೆ ಕಾರಣ ತಿಳಿಯಿತು.

ಬುಗ್ಗೆ ನೋಡುವ ಆಸೆಯಿದ್ದರೆ ನಮ್ಮ ರಾಜ್ಯದಲ್ಲೇ ಪುತ್ತೂರು ಬಳಿಯ ಇರ್ದೆಯಲ್ಲಿ ಬೆಂದ್ರ್ ತೀರ್ಥವಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಲಡಾಖಿಗೇ ಹೋಗುವುದಾದರೆ, ಊರವರು ಮೀಯುವ ಕೊಳದಲ್ಲಿ ಮಾತ್ರ ಇಳಿಯಿರಿ, ಮಕ್ಕಳ ಕೈ ಬಿಡಬೇಡಿ, ತೀರ್ಥವೆಂದು ಬಾಟಲಿ ತುಂಬಿ ತಂದು ಮನೆಯ ಹಿರಿಯರಿಗೆ ಕುಡಿಸಬೇಡಿ.